ಕ್ಯಾಲ್ಸಿಯಂ ಕೂರಲು ಮೂರು ಆಕ್ಸಿಜನ್ ಬೇಕು

ಬೀದರ್ ಕಡೆ ಕಬ್ಬು, ಶಹಾಬಾದ್, ವಾಡಿ, ಸೇಡಂ ಕಡೆ ಸುಣ್ಣದ ಕಲ್ಲು. ಬೆಲ್ಲ ಮಾಡುವವರು ಕುದಿಯುವ ಕಬ್ಬಿನ ಹಾಲಿಗೆ ಚೂರು ಸುಣ್ಣ ಹಾಕುತ್ತಾರೆ. ಹುಳಿ ಕಡಿಮೆಯಾಗಲಿ, ಕೊಳೆ ಬೇರೆಯಾಗಲಿ ಅಂತ. ಆದರೆ ಸುಣ್ಣದ ಕ್ಯಾಲ್ಸಿಯಂಗೆ ಸಕ್ಕರೆಯ ಜೊತೆ ನೇರವಾದ ನಂಟೂ ಇದೆ. ನನಗೆ ಹೆಚ್ಚು ಕುತೂಹಲ ಇರುವುದು ಅದರ ಬಗ್ಗೆ.

ನೀರಿನಲ್ಲಿ ಕ್ಯಾಲ್ಸಿಯಂ ಅಯಾನು, ಅಂದರೆ ಆವೇಶ ಹೊತ್ತ ಪರಮಾಣು, ಒಂಟಿಯಾಗಿರುವುದಿಲ್ಲ. ಅದರ ಮೇಲೆ ಎರಡು ಧನ ಆವೇಶ ಇದೆ. ನೀರಿನ ಅಣುಗಳು ತಮ್ಮ ಆಕ್ಸಿಜನ್ ತುದಿಯನ್ನು ಅದರತ್ತ ತಿರುಗಿಸಿ ಸುತ್ತಲೂ ಮುತ್ತಿಕೊಂಡಿರುತ್ತವೆ. ಸಕ್ಕರೆ ಹತ್ತಿರ ಬರಬೇಕಾದರೆ ಆ ನೀರನ್ನು ಪಕ್ಕಕ್ಕೆ ಸರಿಸಬೇಕು. ಒಂದೇ ಆಕ್ಸಿಜನ್‌ನಿಂದ ಅದು ಆಗುವ ಮಾತಲ್ಲ.

ಎಷ್ಟು ಬೇಕು, ಹೇಗಿರಬೇಕು ಅನ್ನುವುದನ್ನು 1970ರ ದಶಕದಲ್ಲಿ ಸಿಡ್ನಿಯಲ್ಲಿದ್ದ ರಸಾಯನ ವಿಜ್ಞಾನಿ ಸ್ಟೀಫನ್ ಆಂಗ್ಯಾಲ್ ಚೆನ್ನಾಗಿ ಬಿಡಿಸಿ ತೋರಿಸಿದರು. ಸಕ್ಕರೆಯ ಆರು ಪರಮಾಣುಗಳ ಉಂಗುರ ಚಪ್ಪಟೆಯಲ್ಲ. ಅದಕ್ಕೆ ಅಂಟಿದ ಹೈಡ್ರಾಕ್ಸಿಲ್ ಗುಂಪುಗಳಲ್ಲಿ (ಒಂದು ಆಕ್ಸಿಜನ್, ಒಂದು ಹೈಡ್ರೋಜನ್ ಇರುವ ಜೋಡಿ) ಕೆಲವು ನೆಟ್ಟಗೆ ನಿಂತಿರುತ್ತವೆ, ಕೆಲವು ಪಕ್ಕಕ್ಕೆ ಚಾಚಿರುತ್ತವೆ. ಸಾಲಾಗಿರುವ ಮೂರರಲ್ಲಿ ಆಚೀಚಿನ ಎರಡು ಒಂದೇ ದಿಕ್ಕಿಗೆ ನೆಟ್ಟಗೆ ನಿಂತು, ನಡುವಿನದು ಪಕ್ಕಕ್ಕೆ ಚಾಚಿದ್ದರೆ ಮೂರು ಕಲ್ಲಿನ ಒಲೆ ಹೂಡಿದಂತೆ. ಅದರ ಮೇಲೆ ಅಯಾನು ಕೂರುತ್ತದೆ. ಪಾತ್ರೆಯ ಅಳತೆಯೂ ಹೊಂದಬೇಕಲ್ವಾ? ಕ್ಯಾಲ್ಸಿಯಂ ಅಯಾನಿನ ತ್ರಿಜ್ಯ ಸುಮಾರು 100 ಪಿಕೋಮೀಟರ್, ಸರಿಹೋಗುತ್ತದೆ. ಮೆಗ್ನೀಸಿಯಂದು ಸುಮಾರು 72, ತೀರಾ ಸಣ್ಣದು. ಸೋಡಿಯಂ 102 ಇದ್ದರೂ ಆವೇಶ ಒಂದೇ, ಹಿಡಿತ ಸಡಿಲ. ಹೆಚ್ಚುಕಡಿಮೆ ಅಷ್ಟೇ ದೊಡ್ಡದಾದ ಲ್ಯಾಂಥನಂ ಎಂಬ ಲೋಹದ ಅಯಾನಿಗೆ ಮೂರು ಆವೇಶ, ಅದು ಜಾಸ್ತಿ ಬಿಗಿಯಾಗಿ ಕೂರುತ್ತದೆ.

ಸಕ್ಕರೆಗಳಲ್ಲಿ ಹಲವು ಬಗೆ. ಅವುಗಳಲ್ಲಿ ಒಂದಾದ ಗ್ಲೂಕೋಸ್‌ನ ಹೈಡ್ರಾಕ್ಸಿಲ್‌ಗಳು ಬಹುತೇಕ ಪಕ್ಕಕ್ಕೇ ಚಾಚಿರುತ್ತವೆ. ಹಾಗಾಗಿ ಅದು ಕ್ಯಾಲ್ಸಿಯಂ ಅನ್ನು ಅಷ್ಟಾಗಿ ಹಿಡಿಯುವುದಿಲ್ಲ. ರೈಬೋಸ್ ಎಂಬ ಇನ್ನೊಂದು ಸಕ್ಕರೆಯ ಕಥೆ ಬೇರೆ, ಮತ್ತು ನನಗೆ ತುಂಬಾ ಇಷ್ಟವಾದದ್ದು. ನೀರಿನಲ್ಲಿ ಅದರ ಉಂಗುರ ಬಿಚ್ಚಿಕೊಳ್ಳುತ್ತಾ, ಮತ್ತೆ ಮುಚ್ಚಿಕೊಳ್ಳುತ್ತಾ ಹಲವು ರೂಪ ತಾಳುತ್ತಿರುತ್ತದೆ. ಕ್ಯಾಲ್ಸಿಯಂ ಲವಣ ಬೆರೆಸಿದರೆ, ತನಗೆ ಹೊಂದುವ ರೂಪವನ್ನು ಕ್ಯಾಲ್ಸಿಯಂ ಹಿಡಿದಿಡುತ್ತದೆ. ಆ ರೂಪದ ಪಾಲು ದ್ರಾವಣದಲ್ಲಿ ಏರುತ್ತದೆ. ಯಾವ ಬಂಧವೂ ಶಾಶ್ವತವಲ್ಲ, ಆದರೂ ಇಡೀ ದ್ರಾವಣದ ಲೆಕ್ಕವೇ ಬದಲಾಗುತ್ತದೆ!

ಈ ಸಡಿಲ ಹಿಡಿತವೇ ಕಾರ್ಖಾನೆಗಳಿಗೆ ಉಪಯೋಗ. ಕ್ಯಾಲ್ಸಿಯಂ ತುಂಬಿದ ರಾಳದ (ಅಯಾನುಗಳನ್ನು ಹಿಡಿದಿಡುವ ಪ್ಲಾಸ್ಟಿಕ್‌ನಂಥ ಸಣ್ಣ ಮಣಿಗಳ) ಮೂಲಕ ಗ್ಲೂಕೋಸ್, ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್ ಎರಡನ್ನೂ ಹಾಯಿಸಿದರೆ ಗ್ಲೂಕೋಸ್ ಬೇಗ ಹೊರಬರುತ್ತದೆ. ಫ್ರಕ್ಟೋಸ್ ತಡವರಿಸುತ್ತಾ ಹಿಂದೆ ಉಳಿಯುತ್ತದೆ. ಬಂಧ ಬಿಗಿಯಾಗಿದ್ದರೆ ಅದು ಹೊರಗೇ ಬರುತ್ತಿರಲಿಲ್ಲ.

ಸುಣ್ಣ ಜಾಸ್ತಿಯಾಗಿ ದ್ರಾವಣ ಕ್ಷಾರವಾದರೆ ಪರಿಸ್ಥಿತಿ ಬದಲಾಗುತ್ತದೆ. ಹೈಡ್ರಾಕ್ಸಿಲ್ ತನ್ನ ಹೈಡ್ರೋಜನ್ ಬಿಟ್ಟುಕೊಡುತ್ತದೆ, ಆಕ್ಸಿಜನ್‌ಗೆ ಋಣ ಆವೇಶ ಬರುತ್ತದೆ, ಹಿಡಿತ ಗಟ್ಟಿಯಾಗುತ್ತದೆ. ಒಂದು ಲೀಟರ್ ಬರೀ ನೀರಿನಲ್ಲಿ ಸುಣ್ಣ 2 ಗ್ರಾಂ ಕೂಡ ಕರಗುವುದಿಲ್ಲ. ಸಕ್ಕರೆ ನೀರಿನಲ್ಲಿ ಅದರ ಹಲವು ಪಟ್ಟು ಕರಗುತ್ತದೆ. ಇಂಗಾಲದ ಡೈಆಕ್ಸೈಡ್ ಊದಿದರೆ ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ ತಳ ಸೇರುತ್ತದೆ, ಸಕ್ಕರೆ ಬಿಡುಗಡೆಯಾಗುತ್ತದೆ.

ವಾಡಿ, ಸೇಡಂನ ಸಿಮೆಂಟೂ ಕ್ಯಾಲ್ಸಿಯಂನದೇ ವಸ್ತು. ಹಸಿ ಸಿಮೆಂಟಿಗೆ ಚಿಟಿಕೆಯಷ್ಟು ಸಕ್ಕರೆ ಬಿದ್ದರೂ ಗಟ್ಟಿಯಾಗುವುದು ತಡವಾಗುತ್ತದೆ. ಸಕ್ಕರೆ ಕ್ಯಾಲ್ಸಿಯಂ ಅನ್ನು ಹಿಡಿಯುತ್ತದೆ, ಆಗಷ್ಟೇ ಹುಟ್ಟುವ ಹರಳುಗಳ ಮೈಗೂ ಅಂಟಿಕೊಂಡು ಅವು ಬೆಳೆಯದಂತೆ ತಡೆಯುತ್ತದೆ. ಬಿಸಿಲಲ್ಲಿ ದೂರ ಸಾಗಿಸುವ ಕಾಂಕ್ರೀಟ್ ದಾರಿಯಲ್ಲೇ ಗಟ್ಟಿಯಾಗಬಾರದು ಎಂದು ಬೆರೆಸುವ ಸೋಡಿಯಂ ಗ್ಲುಕೋನೇಟ್ ತಯಾರಾಗುವುದೂ ಗ್ಲೂಕೋಸ್‌ನಿಂದಲೇ.