ನವಲೆ ಬ್ರಿಜ್ ಇಳಿಜಾರಿಗೆ ನ್ಯೂಟ್ರಲ್ ಮಾಡ್ಬೇಡ್ರಪ್ಪಾ

ಪುಣೆ ಹತ್ರ ನಿಗಡಿ ಟ್ರಾನ್ಸ್‌ಪೋರ್ಟ್ ನಗರಿಯ ಒಂದು ಕಂಪನಿಲಿ ಲಾರಿ ಡ್ರೈವರ್‌ಗಳಿಗೆ ಟ್ರೇನಿಂಗ್ ಕೊಡೋದು ನನ್ನ ಕೆಲಸ, ಬರೋರಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಹುಡುಗ್ರೇ ಜಾಸ್ತಿ. ಇವರ ಬಾಯಲ್ಲಿ ಬರೋ ಮಾತು ಒಂದೇ: "ಸರ, ಇಳುಕಲಿಗೆ ನ್ಯೂಟ್ರಲ್ ಮಾಡಿದ್ರ ಡೀಸೆಲ್ ಉಳಿತೈತ್ರಿ."

ಉಳಿಯಲ್ಲ ತಮ್ಮಾ. ಈಗಿನ ಬಿಎಸ್-6 (ಹೊಗೆ ಕಮ್ಮಿ ಮಾಡೋ ಹೊಸ ನಿಯಮದ) ಇಂಜಿನ್‌ಗಳಲ್ಲಿ ಗಾಡಿ ಗೇರಲ್ಲಿದ್ದು ಎಕ್ಸಲರೇಟರ್ ಮೇಲಿಂದ ಕಾಲು ತೆಗೆದ್ರೆ ಚಕ್ರನೇ ಇಂಜಿನ್ ತಿರುಗಿಸ್ತದೆ, ಇಂಜೆಕ್ಟರ್ ಡೀಸೆಲ್ ಬಿಡೋದು ನಿಲ್ಲಿಸ್ತದೆ. ನ್ಯೂಟ್ರಲ್ ಮಾಡಿದ್ರೆ ಇಂಜಿನ್ ಆರದೇ ಇರೋಕೆ ಡೀಸೆಲ್ ಕುಡೀಲೇಬೇಕು. ಬ್ರೇಕ್ ಒತ್ತಲೇಬೇಕಾದಂಥ ಇಳಿಜಾರಲ್ಲಿ ನ್ಯೂಟ್ರಲ್‌ನಿಂದ ಲಾಭ ಅನ್ನೋದೇ ಇಲ್ಲ.

ನಷ್ಟ ಮಾತ್ರ ಜೀವದ್ದು. ಬೆಂಗಳೂರು-ಪುಣೆ ಹೈವೇಲಿ ಸಾತಾರಾ ಕಡೆಯಿಂದ ಬಂದು ಕಾತ್ರಜ್ ಹೊಸ ಸುರಂಗ ದಾಟಿದ್ರೆ ಘಾಟ್ ಮುಗೀತು ಅನ್ಸುತ್ತೆ, ರಸ್ತೆ ಅಗಲ, ಎದುರಿಗೆ ಪುಣೆ ಲೈಟು, ಆದ್ರೆ ಅಲ್ಲಿಂದ ನರ್ಹೆ ದಾಟಿ ನವಲೆ ಬ್ರಿಜ್ ತನಕ ಇಳಿಜಾರೇ ಇಳಿಜಾರು, ಕೆಳಗೆ ಆಫೀಸಿಗೆ ಹೋಗೋ ಬೈಕು, ಕಾರುಗಳ ಸಂತೆ. 2022ರ ನವೆಂಬರ್‌ನಲ್ಲಿ ಒಂದು ದೊಡ್ಡ ಗಾಡಿ ಹತ್ತಾರು ವಾಹನಗಳಿಗೆ ಗುದ್ದಿದ್ದು ಇಲ್ಲೇ.

ನ್ಯೂಟ್ರಲ್‌ನಲ್ಲಿ ಲೋಡ್ ಗಾಡಿ ಓಡ್ತಿದ್ರೆ ಪೂರ್ತಿ ಭಾರ ಬ್ರೇಕ್ ಲೈನರ್ (ಚಕ್ರದ ಡ್ರಮ್‌ಗೆ ಉಜ್ಜಿ ಗಾಡಿ ನಿಲ್ಲಿಸೋ ಪಟ್ಟಿ) ಮೇಲೆ ಬೀಳುತ್ತೆ. ಒಂದೇ ಸಮ ಒತ್ತಿ ಹಿಡಿದ್ರೆ ಡ್ರಮ್ ಕಾದು ಹಿಗ್ಗಿ ಲೈನರ್‌ನಿಂದ ದೂರ ಹೋಗುತ್ತೆ, ಲೈನರ್ ಹಿಡಿತ ಕಳ್ಕೊಳ್ಳುತ್ತೆ, ಸುಟ್ಟ ವಾಸನೆ ಮೂಗಿಗೆ ಬರೋ ಹೊತ್ತಿಗೆ ಅರ್ಧ ಬ್ರೇಕ್ ಹೋಗಿರುತ್ತೆ. ಲಾರಿ ಬ್ರೇಕ್ ಹಿಡಿಯೋದು ಟ್ಯಾಂಕಿನ ಗಾಳಿ ಒತ್ತಡದಿಂದ, ಗಾಬರಿಲಿ ಪೆಡಲ್ ಪಂಪ್ ಮಾಡಿದ್ರೆ ಆ ಗಾಳಿ ಖಾಲಿ. ಕೆಲವರು ಇಂಜಿನ್ನೇ ಬಂದ್ ಮಾಡ್ತಾರೆ, ಆಗ ಗಾಳಿ ತುಂಬೋ ಕಂಪ್ರೆಸರೂ ನಿಂತ್ಹೋಯ್ತು, ಪವರ್ ಸ್ಟೇರಿಂಗೂ ಹೋಯ್ತು. ಸ್ಪೀಡ್ ಏರಿದ ಮೇಲೆ ಕೆಳಗಿನ ಗೇರಿಗೆ ಹಾಕ್ತೀನಿ ಅಂದ್ರೆ ಗೇರ್ ಕೂರೋದೇ ಇಲ್ಲ.

ಅದಕ್ಕೇ ಖೇಡ್ ಶಿವಾಪುರ ಟೋಲ್ ದಾಟಿದ್ಮೇಲೆ ಸೈಡಿಗೆ ಜಾಗ ನೋಡಿ ನಿಲ್ಸಿ, ಗಾಳಿ ಮೀಟರ್ ನೋಡಿ, ಡ್ರಮ್ ಹತ್ರ ಅಂಗೈ ಹಿಡಿದು (ಮುಟ್ಟಬೇಡಿ) ಯಾವ ಚಕ್ರ ಜಾಸ್ತಿ ಕಾದಿದೆ ನೋಡಿ. ಇಳಿಜಾರು ಶುರುವಾಗೋ ಮೊದಲೇ ಕೆಳಗಿನ ಗೇರ್, ಅಷ್ಟೇ ಲೋಡ್ ಹೊತ್ತು ಅದೇ ಏರು ಹತ್ತೋಕೆ ಯಾವ ಗೇರ್ ಬೇಕೋ ಅದು, ಇಲ್ಲಾ ಅದಕ್ಕಿಂತ ಕೆಳಗಿನದು. ಎಕ್ಸಾಸ್ಟ್ ಬ್ರೇಕ್ (ಇಂಜಿನ್ ಹೊಗೆ ತಡೆದು ಗಾಡಿ ನಿಧಾನ ಮಾಡೋದು) ಆನ್ ಇರ್ಲಿ. ಸ್ಪೀಡ್ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ಇಳಿಸಿ ಪೂರ್ತಿ ಬಿಡಿ, ಡ್ರಮ್ ಆರಲಿ, ಮತ್ತೆ ಒತ್ತಿ.

ಇನ್ನು ಮಾಲೀಕರಿಗೂ ಹೇಳ್ಲೇಬೇಕು. ಆವರೇಜ್ ಕಮ್ಮಿ ಬಂತು ಅಂತ ಡ್ರೈವರ್ ಪಗಾರದಲ್ಲಿ ಡೀಸೆಲ್ ದುಡ್ಡು ಕಟ್ ಮಾಡ್ತೀರಲ್ಲ, ಅವನ ಕೈಯನ್ನ ನ್ಯೂಟ್ರಲ್ ಕಡೆ ತಳ್ಳೋದು ಆ ಕಟ್ಟೇ. ನಾನು ಎಷ್ಟು ಪಾಠ ಹೇಳಿದ್ರೂ ಮನೆಗೆ ದುಡ್ಡು ಕಳಿಸ್ಬೇಕಾದವನಿಗೆ ಆ ಲೆಕ್ಕವೇ ದೊಡ್ಡದು. ಘಾಟ್ ರೂಟಿಗೆ, ಲೋಡ್ ಟ್ರಿಪ್ಪಿಗೆ ಆವರೇಜ್ ಬೇರೆ ಇಡ್ರಿ, ಸ್ಲಾಕ್ ಅಡ್ಜಸ್ಟರ್ (ಲೈನರ್-ಡ್ರಮ್ ನಡುವಿನ ಅಂತರ ಸರಿಮಾಡೋ ಭಾಗ) ನೋಡದೆ ಗಾಡಿ ಬಿಡ್ಬೇಡ್ರಿ, ಜಿಪಿಎಸ್‌ನಲ್ಲಿ ಆ ಇಳಿಜಾರಿನ ಸ್ಪೀಡ್ ನೋಡಿ ನಿಧಾನ ಇಳಿದವನಿಗೆ ಇನಾಮು ಕೊಡ್ರಿ.