ಮುತ್ತು ಕಂಡದ್ದು ಯಾರ ಕನ್ನಡಿಯಲ್ಲಿ?

ಹಾಲಿವುಡ್ ಮತ್ತು ವರ್ಣಭೇದದ ಮಾತು ಬಂದರೆ ಎಲ್ಲರೂ ಎತ್ತಿಕೊಳ್ಳುವುದು ಒಂದೇ ತಕ್ಕಡಿ: ಕಪ್ಪು ಮನುಷ್ಯನ ಪಾತ್ರ ಒಳ್ಳೆಯದೋ ಕೆಟ್ಟದ್ದೋ? 1915ರ ‘ದ ಬರ್ತ್ ಆಫ್ ಎ ನೇಷನ್’ನಲ್ಲಿ ಬಿಳಿ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ದುಷ್ಟರಾದರು. 1967ರ ‘ಗೆಸ್ ಹೂಸ್ ಕಮಿಂಗ್ ಟು ಡಿನ್ನರ್’ನಲ್ಲಿ ಕಪ್ಪು ನಟ ಸಿಡ್ನಿ ಪಾಯ್ಟಿಯರ್ ಹೆಸರಾಂತ ಡಾಕ್ಟರ್. ಲೆಕ್ಕ ಚುಕ್ತಾ! ಅಷ್ಟು ಸಲೀಸಲ್ಲ ಸ್ವಾಮಿ.

ಪಾತ್ರದ ಗುಣ ಪಕ್ಕಕ್ಕಿಡಿ. ತೀರ್ಮಾನ ಯಾರ ಕೈಯಲ್ಲಿದೆ, ಅದನ್ನು ನೋಡಿ. ನೀವು ಒಪ್ಪದಿದ್ದರೆ ಈ ಮದುವೆ ಇಲ್ಲ ಎಂದು ಡಾಕ್ಟರ್ ತಾನು ಮದುವೆಯಾಗಲಿರುವ ಬಿಳಿ ಹುಡುಗಿಯ ಅಪ್ಪ ಅಮ್ಮನಿಗೆ ಹೇಳಿಬಿಡುತ್ತಾನೆ, ಅದೂ ಹುಡುಗಿಗೆ ತಿಳಿಯದಂತೆ. ಕೊನೆಯ ಉದ್ದನೆಯ ಭಾಷಣ ಅವಳ ಅಪ್ಪನದು. ಆ ಪಾತ್ರದ ಸ್ಪೆನ್ಸರ್ ಟ್ರೇಸಿ ಮಾತಾಡುತ್ತಾರೆ, ಡಾಕ್ಟರೂ ಅವನ ಹೆತ್ತವರೂ ಕೇಳಿಸಿಕೊಳ್ಳುತ್ತಾರೆ. ಆ ಜೋಡಿ ಮುತ್ತಿಡುವುದು ನಮಗೆ ಕಾಣುವುದಾದರೂ ಎಲ್ಲಿ? ಟ್ಯಾಕ್ಸಿ ಡ್ರೈವರನ ಕನ್ನಡಿಯಲ್ಲಿ.

ಹಾಗೆಂದು ಚಿತ್ರವನ್ನು ಬೈದು ಕೈತೊಳೆದುಕೊಳ್ಳಬೇಡಿ. ಹಾಲಿವುಡ್ ತಾನೇ ಹಾಕಿಕೊಂಡ ಸೆನ್ಸಾರ್ ನಿಯಮ 1956ರವರೆಗೂ ಕಪ್ಪು-ಬಿಳಿ ಪ್ರಣಯವನ್ನು ನಿಷೇಧಿಸಿತ್ತು. 1967ರ ಜೂನ್ 12ರಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬರುವ ತನಕ 16 ರಾಜ್ಯಗಳಲ್ಲಿ ಇಂಥ ಮದುವೆಗೆ ಕಾನೂನಿನ ಅಡ್ಡಿಯಿತ್ತು. ಚಿತ್ರ ತೆರೆ ಕಂಡದ್ದು ಆ ಡಿಸೆಂಬರಿನಲ್ಲಿ. ವರ್ಣಭೇದ ಬಲವಾಗಿದ್ದ ಅಮೆರಿಕದ ದಕ್ಷಿಣದ ಥಿಯೇಟರುಗಳ ಗಲ್ಲಾಪೆಟ್ಟಿಗೆಯ ಭಯ ಬೇರೆ. 1940ರ ದಶಕದಲ್ಲಿ ಕಪ್ಪು ಗಾಯಕಿ-ನಟಿ ಲೀನಾ ಹಾರ್ನ್ ಅವರ ಹಾಡುಗಳನ್ನು ಎಷ್ಟೋ ಸಲ ಕಥೆಗೆ ಅಂಟದಂತೆ ಚಿತ್ರೀಕರಿಸುತ್ತಿದ್ದರು, ಅಲ್ಲಿಗೆ ಹೋಗುವ ಪ್ರಿಂಟಿನಲ್ಲಿ ಕತ್ತರಿ ಹಾಕಲು ಸುಲಭವಾಗಲಿ ಅಂತ!

ಸಿನಿಮಾ ನೋಡುವಾಗ ಪಕ್ಕದಲ್ಲೊಂದು ಚೀಟಿ ಇಟ್ಟುಕೊಳ್ಳಿ. ಬಿಳಿಯರು ಯಾರೂ ಇಲ್ಲದ ದೃಶ್ಯ ಬಂದಾಗಲೆಲ್ಲ ಒಂದು ಗೀಟು. ಕಪ್ಪು ಪಾತ್ರ ತನಗಾಗಿ ಏನನ್ನಾದರೂ ನಿರ್ಧರಿಸಿದಾಗ ಇನ್ನೊಂದು. ಇದರಿಂದಲೇ ಚಿತ್ರದ ಯೋಗ್ಯತೆ ಅಳೆಯಲಾಗದು, ಆದರೆ ಕಣ್ಣು ಪಳಗುತ್ತದೆ. 1958ರ ‘ದ ಡಿಫೈಯಂಟ್ ಒನ್ಸ್’ನ ಕೊನೆಯಲ್ಲಿ ಪಾಯ್ಟಿಯರ್ ಬಿಳಿ ಗೆಳೆಯನಿಗಾಗಿ ಓಡುವ ರೈಲಿನಿಂದ ಹಾರುವುದೂ ನಿರ್ಧಾರವೇ, ಆದರೆ ಎರಡನೇ ಗೀಟು ಎಳೆಯಲು ಕೈ ಬರುವುದಿಲ್ಲ. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಪ್ರೇಕ್ಷಕರು ಅದನ್ನು ನೋಡಿ ರೇಗಿದರು, ರೈಲು ಹತ್ತೋ ದಡ್ಡ ಎಂದು ಕೂಗಿದರು ಅಂತ ಕಪ್ಪು ಲೇಖಕ ಜೇಮ್ಸ್ ಬಾಲ್ಡ್ವಿನ್ ಬರೆದಿದ್ದಾರೆ.

1964ರಲ್ಲಿ ಕೊಲೆಯಾದ ಮೂವರು ನಾಗರಿಕ ಹಕ್ಕು ಹೋರಾಟಗಾರರ ಪ್ರಕರಣದ ಮೇಲೆ ಬಂದ 1988ರ ‘ಮಿಸಿಸಿಪ್ಪಿ ಬರ್ನಿಂಗ್’ನಲ್ಲಿ ನಾಯಕರು ಎಫ್‌ಬಿಐನ ಇಬ್ಬರು ಬಿಳಿಯರು. ಚೀಟಿ ಬಹುಪಾಲು ಖಾಲಿಯೇ. ಮರುವರ್ಷದ ‘ಡೂ ದ ರೈಟ್ ಥಿಂಗ್’ನಲ್ಲಿ ಅದನ್ನು ನಿರ್ದೇಶಿಸಿ ನಟಿಸಿದ ಕಪ್ಪು ನಿರ್ದೇಶಕ ಸ್ಪೈಕ್ ಲೀ ಕಸದ ಡಬ್ಬ ಎತ್ತಿ ಪಿಜ್ಜಾ ಅಂಗಡಿಯ ಗಾಜಿಗೆ ಎಸೆಯುತ್ತಾನೆ. ಸರಿಯೋ ತಪ್ಪೋ, ಜಗಳ ಇನ್ನೂ ನಿಂತಿಲ್ಲ. ನೀವು ಮಾತ್ರ ಅಲ್ಲೊಂದು ಗೀಟು ಎಳೆಯಿರಿ.