ತೂಕದ ಮಾತಾಡದ ಹೆಣಿಗೆ ಗುಂಪು

ಹಾಸನದಲ್ಲಿ ಯಾವ ಮದುವೆಗೆ ಹೋದರೂ ಊಟಕ್ಕೆ ಕೂರುವ ಮೊದಲೇ ಯಾರಾದರೂ ಕೇಳುತ್ತಾರೆ: "ಏನಮ್ಮಾ, ಇಷ್ಟು ಸೊರಗಿದೀಯ?" ಇಲ್ಲಾಂದ್ರೆ, "ಸ್ವಲ್ಪ ದಪ್ಪ ಆದೆ ಅಲ್ವಾ?" ಕೇಳಿದವರಿಗೆ ಅದು ಅಕ್ಕರೆ. ಊಟದ ಕಾಯಿಲೆಯಿಂದ ಈಗಷ್ಟೇ ಚೇತರಿಸಿಕೊಳ್ಳುತ್ತಿರುವವರಿಗೆ ಮಾತ್ರ ಆ ಮಾತು ವಾರಗಟ್ಟಲೆ ತಲೆ ಕೊರೆಯುತ್ತದೆ.

ಈ ಕಾಯಿಲೆಗೆ ಹಲವು ರೂಪ. ಅನೊರೆಕ್ಸಿಯಾ ಇರುವವರು ದಪ್ಪಗಾಗುವ ಭಯಕ್ಕೆ ಊಟ ಬಿಡುತ್ತಾರೆ. ಬುಲಿಮಿಯಾದಲ್ಲಿ ಮಿತಿಮೀರಿ ತಿಂದು, ಆಮೇಲೆ ಅದನ್ನು ಹೇಗಾದರೂ ಕಳೆಯಲು ಒದ್ದಾಡುತ್ತಾರೆ. ತಡೆಯಲಾಗದೆ ತಿನ್ನುವ ಬಿಂಜ್ ಈಟಿಂಗ್ ಅನ್ನು ಅಮೆರಿಕದ ಮನೋವೈದ್ಯರ ಕೈಪಿಡಿ ಪ್ರತ್ಯೇಕ ಕಾಯಿಲೆ ಎಂದು ಒಪ್ಪಿದ್ದು 2013ರಲ್ಲಿ. ಈ ಕಾಯಿಲೆಗಳು ಹುಡುಗಿಯರಿಗಷ್ಟೇ ಅಲ್ಲ, ಹುಡುಗರಿಗೂ ಬರುತ್ತವೆ.

"ಮನಸ್ಸು ಗಟ್ಟಿ ಮಾಡ್ಕೋ, ಸುಮ್ನೆ ಊಟ ಮಾಡು" ಅನ್ನುವವರು ಮಿನ್ನೆಸೋಟ ಪ್ರಯೋಗದ ಬಗ್ಗೆ ತಿಳಿಯಬೇಕು. 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರಿಗೆ, ಅವರೇ ಒಪ್ಪಿದ ಮೇಲೆ, ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟ. ಅವರಿಗೆ ಹಗಲೂ ರಾತ್ರಿ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು. ಸಿಡುಕು ಹೆಚ್ಚಾಯಿತು, ಜನರ ಜೊತೆ ಬೆರೆಯುವುದು ಕಡಿಮೆಯಾಯಿತು. ಅಂದರೆ ಹಸಿವೇ ತಲೆಯನ್ನು ಹೀಗೆ ಮಾಡುತ್ತದೆ, ಛಲ ಇಲ್ಲದ್ದರಿಂದಲ್ಲ.

ಹಾಗಾದರೆ ಆ ತಲೆಗೆ ಸ್ವಲ್ಪ ಬಿಡುವು ಕೊಡುವುದು ಹೇಗೆ? ಕೆನಡಾದಲ್ಲಿ ಅನೊರೆಕ್ಸಿಯಾಗೆ ಆಸ್ಪತ್ರೆ ಸೇರಿದ್ದ 38 ಮಹಿಳೆಯರಿಗೆ ಉಣ್ಣೆ ಹೆಣೆಯುವುದನ್ನು ಕಲಿಸಿದರು. ಕಾಯಿಲೆಯ ಭಯ, ಯೋಚನೆಗಳ ತೀವ್ರತೆ ಕಡಿಮೆಯಾಯಿತು ಎಂದು ಸುಮಾರು ಮುಕ್ಕಾಲು ಪಾಲು ಮಂದಿ ಹೇಳಿದರು. 2009ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು. ಹೆಣೆಯದವರ ಜೊತೆ ಹೋಲಿಸಿಯೂ ನೋಡಿಲ್ಲ. ಹಾಗಾಗಿ ಇದನ್ನು ಔಷಧಿ ಅನ್ನಲಾಗದು. ಆದರೆ ಕಾರಣ ಊಹಿಸುವುದು ಕಷ್ಟವಲ್ಲ. ಊಟದ ಬಗೆಗಿನ ಯೋಚನೆ, ಬಯಕೆ ಬಹುಪಾಲು ಮನಸ್ಸಿನಲ್ಲಿ ಮೂಡುವ ಚಿತ್ರ. ಕೈಯೂ ಕಣ್ಣೂ ಸೇರಿ ಮಾಡುವ ಕೆಲಸಕ್ಕೂ ಮೆದುಳಿನ ಅದೇ ಜಾಗ ಬೇಕು. ಎರಡಕ್ಕೂ ಒಟ್ಟಿಗೆ ಜಾಗ ಸಾಲದು. ಇಂಗ್ಲೆಂಡಿನಲ್ಲಿ ಜೇಡಿಮಣ್ಣಿನಲ್ಲಿ ಆಕಾರ ಮಾಡಿಸಿದಾಗ ಚಾಕೊಲೇಟಿನ ಆಸೆ ತಗ್ಗಿದ್ದೂ ಹೀಗೆಯೇ. ಆ ಪ್ರಯೋಗದಲ್ಲಿದ್ದವರು ಕಾಯಿಲೆಯವರಲ್ಲ, ಅದು ಬೇರೆ ಮಾತು.

ಇದನ್ನೆಲ್ಲ ಮನೆಯಲ್ಲಿ ಒಬ್ಬರೇ ಮಾಡಬಹುದಲ್ಲ? ಮಾಡಬಹುದು. ಆದರೆ ಈ ಕಾಯಿಲೆ ಬೆಳೆಯುವುದೇ ಗುಟ್ಟಿನಲ್ಲಿ. ಗುಂಪಿನಲ್ಲಿ ಅದೇ ದಾರಿ ದಾಟಿ ಬಂದವರು ಪಕ್ಕದಲ್ಲಿ ಕೂತಿದ್ದರೆ ಎಲ್ಲವನ್ನೂ ವಿವರಿಸಬೇಕಿಲ್ಲ. ಕಾಯಿಲೆ ಬರುವ ಮೊದಲೇ ತಡೆಯಲು ರೂಪಿಸಿದ ಬಾಡಿ ಪ್ರಾಜೆಕ್ಟ್ ಎಂಬ ಕಾರ್ಯಕ್ರಮವನ್ನು ಅಮೆರಿಕದ ಕಾಲೇಜುಗಳಲ್ಲಿ ತರಬೇತಾದ ವಿದ್ಯಾರ್ಥಿಗಳೇ ನಡೆಸುತ್ತಾರೆ. ಫಲಿತಾಂಶ ಚೆನ್ನಾಗಿದೆ.

ಗುಂಪು ಕೆಡುವುದೂ ಸುಲಭ. ಒಬ್ಬಳು ತನ್ನ ತೂಕ ಹೇಳಿದರೆ ಸಾಕು, ಪಕ್ಕದವಳು ಮನಸ್ಸಿನಲ್ಲೇ ಪೈಪೋಟಿಗೆ ಇಳಿಯುತ್ತಾಳೆ. ಅದಕ್ಕೇ ಒಳ್ಳೆಯ ಗುಂಪಿನಲ್ಲಿ ತೂಕ, ಕ್ಯಾಲೊರಿ, ಬಟ್ಟೆಯ ಅಳತೆ ಯಾವುದರ ಅಂಕಿಯೂ ಬಾಯಿಗೆ ಬರಬಾರದು. ಹೆಣಿಗೆಯ ಲೆಕ್ಕ ಎಷ್ಟಾದರೂ ಇರಲಿ!

ನಮ್ಮ ಕಡೆ ಇನ್ನೊಂದು ಅನುಕೂಲವೂ ಇದೆ ಅನ್ನಿಸುತ್ತದೆ. ಸ್ತ್ರೀಶಕ್ತಿ ಸಂಘಗಳಿಂದಾಗಿ ವಾರಕ್ಕೊಮ್ಮೆ ಸೇರುವುದು ಇಲ್ಲಿನ ಹೆಂಗಸರಿಗೆ ಹೊಸದಲ್ಲ. ಊರು ಚಿಕ್ಕದು, ಯಾರು ಎಲ್ಲಿಗೆ ಹೋದರೂ ಸುದ್ದಿಯಾಗುತ್ತದೆ. "ಕಾಯಿಲೆಯವರ ಗುಂಪಿಗೆ ಹೋಗ್ತೀನಿ" ಎಂದು ಮನೆಯಲ್ಲಿ ಹೇಳುವುದು ಕಷ್ಟ. "ಸ್ವೆಟರ್ ಹೆಣೆಯೋದು ಕಲಿಯೋಕೆ ಹೋಗ್ತೀನಿ" ಅಂದರೆ, ಸಕಲೇಶಪುರದ ಚಳಿ ಕಂಡ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಸ್ವೆಟರ್ ಬೇಡವಾದರೆ ಹೂ ಕಟ್ಟಲಿ, ರಂಗೋಲಿ ಬಿಡಿಸಲಿ.

ಇಷ್ಟಾದರೂ ಗುಂಪು ವೈದ್ಯರ ಜಾಗ ತುಂಬುವುದಿಲ್ಲ. ತಲೆ ಸುತ್ತಿ ಬೀಳುವುದು, ಎದೆಬಡಿತ ಏರುಪೇರಾಗುವುದು, ಪದೇ ಪದೇ ವಾಂತಿ ಆಗುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ವಾಂತಿಯಿಂದ ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಹೃದಯಕ್ಕೇ ಅಪಾಯ. ಬಹಳ ದಿನ ಉಪವಾಸ ಇದ್ದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಬಡಿಸುವುದೂ ಅಪಾಯವೇ, ವೈದ್ಯರು ಹೇಳಿದಂತೆ ನಿಧಾನಕ್ಕೆ ಹೆಚ್ಚಿಸಬೇಕು. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಅಲ್ಲಿವರೆಗೆ ಹೋಗಲು ಹಿಂಜರಿಕೆಯಾದರೆ ಮೊದಲು ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.